ನೂರಕ್ಕನ ಬಂಡವಾಳವಿಲ್ಲದ ಬಂಡಿ

ಬೆಳಕು ಇನ್ನೂ ಸರಿಯಾಗಿ ಲಾಗಿನ್ ಆಗಿಲ್ಲ. ಆಗಲೇ ಫ್ರೀವೇ ಮೇಲೆ ಆಫೀಸಿಗೆ ಹೊರಟ ಕಾರುಗಳ ಕೆಂಪು ದೀಪಗಳು ಸಾಲುಗಟ್ಟಿವೆ. ಗಾಳಿ ತಿರುಗಿದಾಗೆಲ್ಲ ಕೊಲ್ಲಿಯ ಕಡೆಯಿಂದ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನ ಆ ಹೆಸರಾಂತ ಕಸದ ವಾಸನೆ ಬರುತ್ತದೆ. ಊರಿನವರು ಮೂಗು ಮುಚ್ಚಿಕೊಳ್ಳುವುದನ್ನೂ ಬಿಟ್ಟು ಎಷ್ಟೋ ಕಾಲವಾಗಿದೆ. ಒಂದು ಅಪಾರ್ಟ್‌ಮೆಂಟಿನ ಗೇಟು ತೆರೆಯುತ್ತದೆ. ‘ಕಿರ್ರ್, ಕಿರ್ರ್’ ಎನ್ನುತ್ತ ಬಂಡಿಯೊಂದು ಫುಟ್‌ಪಾತಿಗೆ ಇಳಿಯುತ್ತದೆ.

ಡ್ರೈವರೇ ಇಲ್ಲದ ಕಾರು ಓಡಿಸಲು ಹೊರಟವರ ಸೀಮೆಯಲ್ಲಿ ಇದು ಎತ್ತೇ ಇಲ್ಲದ ಬಂಡಿ. ಮಕ್ಕಳನ್ನು ಪಾರ್ಕಿಗೆ ಎಳೆದೊಯ್ಯುವ ನಾಲ್ಕು ಗಾಲಿಯ ಕೆಂಪು ಗಾಡಿಗೆ, ಮಕ್ಕಳು ಸೊಂಟದಲ್ಲಿ ತಿರುಗಿಸುವ ದೊಡ್ಡ ಪ್ಲಾಸ್ಟಿಕ್ ರಿಂಗುಗಳನ್ನು ಅರ್ಧಕ್ಕೆ ಕತ್ತರಿಸಿ ಕಮಾನು ಕಟ್ಟಲಾಗಿದೆ. ಮೇಲೆ ಹಳೆಯ ಬಿಳಿ ಬೆಡ್‌ಶೀಟಿನ ಹೊದಿಕೆ. ಒಳಗೆ ಪುಸ್ತಕಗಳು, ಒಂದು ಕಂದೀಲು, ಗಾಜಿನ ಜಾಡಿ, ಕಟ್ಟಿಗೆಯ ಒಂದು ತುಂಡು, ಒಂದು ಚೀಲ ಜೋಳ. ನೂರೆಪ್ಪತ್ತು ವರ್ಷಗಳ ಹಿಂದೆ ಚಿನ್ನ, ಭೂಮಿ ಅಂತ ಕನಸು ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟವರ ಬಂಡಿಗಳ ಮರಿಮೊಮ್ಮಗ ಎನ್ನಬಹುದು.

ಅದನ್ನು ಎಳೆಯುತ್ತಿರುವವರು ನೂರುನ್ನಿಸಾ. ವಯಸ್ಸು ಐವತ್ತೆಂಟು, ಊರು ಹುಬ್ಬಳ್ಳಿ, ಈಗಿನ ವಿಳಾಸ ಮಿಲ್ಪಿಟಾಸ್. ಇಲ್ಲಿನ ಕನ್ನಡದವರಿಗೆ ನೂರಕ್ಕ, ಶಾಲೆಯ ಮಕ್ಕಳಿಗೆ ಮಿಸ್ ನೂರ್. ತಲೆಯ ಮೇಲೆ ದುಪಟ್ಟಾ, ಕಾಲಲ್ಲಿ ಓಟದ ಶೂ.

ಮೇಲಿನ ಬಾಲ್ಕನಿಯಲ್ಲಿ ಅವರ ಗಂಡ ತಾಜುದ್ದೀನ್ ಪ್ರತ್ಯಕ್ಷರಾಗುತ್ತಾರೆ. ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಬದುಕಿಡೀ ಯಂತ್ರಗಳನ್ನು ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಕೈಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ.

“ನೂರ್, ಒಂದ್ ನಿಮಿಷ ನಿಲ್ಲು. ಬಲಗಡಿ ಮುಂದಿನ ಗಾಲಿಗೆ ಒಂದು ಹನಿ ಹಾಕ್ತೀನಿ. ಇಡೀ ಓಣಿ ಏಳ್ತೈತಿ.”

“ಬ್ಯಾಡ್ರಿ. ಓಣಿ ಏಳ್ಲಿ. ಏಳೋ ಹೊತ್ತಾಗೇತಿ.”

ಈ ಸಂಭಾಷಣೆ ಬಂಡಿಯಷ್ಟೇ ಹಳೆಯದು. ಆದರೆ ಇವತ್ತು ನೂರಕ್ಕ ಒಂದು ಗಳಿಗೆ ನಿಲ್ಲುತ್ತಾರೆ. “ಸಂಜಿಗೆ ನೋಡೋಣ್ರಿ,” ಅನ್ನುತ್ತಾರೆ. “ಇವತ್ತು ಗೊತ್ತಾಗತೈತಿ, ಎಣ್ಣಿ ಬೇಕಾಗತೈತೋ, ಕುಲುಪು ಬೇಕಾಗತೈತೋ.”

ಮೇ ತಿಂಗಳ ಕೊನೆಯ ವಾರವಿದು. ನೂರಕ್ಕನ ಎಂಟು ಮಕ್ಕಳು ಬರೆದ ಓದಿನ ಪರೀಕ್ಷೆಯ ಫಲಿತಾಂಶ ಇವತ್ತು ಮಧ್ಯಾಹ್ನ ಬರುತ್ತದೆ. ಮಕ್ಕಳು ಮೇಲೇರಿದ್ದರೆ ಬಂಡಿ ಮುಂದಿನ ವರ್ಷವೂ ಹೊರಡುತ್ತದೆ. ಇಲ್ಲವಾದರೆ ಕುಲುಪು, ಅಂದರೆ ಬೀಗ; ಬಂಡಿ ಸ್ಟೋರ್ ರೂಮಿಗೆ, ಮಕ್ಕಳು ಹೆಡ್‌ಫೋನು ಹಾಕಿಕೊಂಡು ಟ್ಯಾಬ್ಲೆಟ್ಟಿನ ಮುಂದೆ.

ನೂರಕ್ಕ ಟೀಚರಲ್ಲ, ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಓದಿನ ಸಹಾಯಕಿ. ಗಂಟೆ ಲೆಕ್ಕದ ಕೆಲಸ. ನಾಲ್ಕನೇ ತರಗತಿಯಲ್ಲಿ ಓದಿದ್ದು ತಲೆಗಿಳಿಯದ ಮಕ್ಕಳನ್ನು ದಿನಾ ಬೆಳಗ್ಗೆ ಅವರ ಕೋಣೆಗೆ ಕಳಿಸುತ್ತಾರೆ. ಕೋಣೆ ಅನ್ನುವುದು ದೊಡ್ಡ ಮಾತು. ಒಂದು ಕಾಲದಲ್ಲಿ ಅಲ್ಲಿ ಪೊರಕೆ ಇಡುತ್ತಿದ್ದರು. ಅದರಲ್ಲಿ ರಾತ್ರಿ ಬಂಡಿಯನ್ನು ಬಿಟ್ಟರೆ ಕಸ ಗುಡಿಸುವವರಿಗೆ ಕಾಲಿಡಲು ಜಾಗ ಸಾಲದು. ಹಾಗಾಗಿ ಸಂಜೆ ಬಂಡಿಯೂ ಅವರ ಜೊತೆ ಮನೆಗೆ ಬರುತ್ತದೆ, ಬೆಳಗ್ಗೆ ಮತ್ತೆ ಡ್ಯೂಟಿಗೆ ಹೊರಡುತ್ತದೆ.

ಈ ಕೆಲಸಕ್ಕಿಂತ ಮುಂಚೆ ಅವರು ಅದೇ ಶಾಲೆಯ ಊಟದ ಹಾಲ್‌ನಲ್ಲಿ ಮಕ್ಕಳ ತಟ್ಟೆ ಕಾಯುತ್ತಿದ್ದರು. ಆ ದಿನಗಳಲ್ಲೊಮ್ಮೆ ಶಾಲೆಯ ಲೈಬ್ರರಿ ಹಳೆಯ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಹೊರಗಿಟ್ಟಿತು. ನೂರಕ್ಕ ಆ ಪೆಟ್ಟಿಗೆಯನ್ನು ಮನೆಗೆ ತಂದರು. ಮಕ್ಕಳಿಗಾಗಿ ಅಲ್ಲ, ತಮಗಾಗಿ. ಹುಬ್ಬಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ್ದ ಅವರಿಗೆ ಮನೆಯೊಳಗೆ ದಖನಿ ಉರ್ದು, ಹೊಸ್ತಿಲಾಚೆ ಕನ್ನಡ ಸರಾಗ. ಕ್ಯಾಲಿಫೋರ್ನಿಯಾದ ಇಂಗ್ಲಿಷು ಮಾತ್ರ ಕಿವಿಯ ಪಕ್ಕದಲ್ಲೇ ಹಾರಿಹೋಗುತ್ತಿತ್ತು.

ಪೆಟ್ಟಿಗೆಯ ತುಂಬ ಇದ್ದದ್ದು ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ಕುಟುಂಬಗಳ ಮಕ್ಕಳ ಕಥೆಗಳು. ಹುಡುಗಿ, ತಮ್ಮ, ಅಪ್ಪ, ಅಮ್ಮ, ನಾಯಿ, ಹೊಳೆ, ಬೆಟ್ಟ, ಜ್ವರ, ಹಿಮ.

“ಆ ಹುಡುಗಿ ಪುಸ್ತಕದಾಗ ಬಂಡಿ ಹತ್ತಿದ್ಳು, ನಾ ವಿಮಾನ ಹತ್ತಿ ಬಂದಿದ್ದೆ. ಇಬ್ರಿಗೂ ಮುಂದ ಏನೈತಿ ಗೊತ್ತಿರ್ಲಿಲ್ಲ. ಹಿಂಗಾಗಿ ಆಕಿ ಜೋಡಿ ಲಗೂ ಗೆಳೆತನ ಆತ್ರಿ,” ಅಂತ ನೂರಕ್ಕ, ಅವರ ಕಥೆ ಬರೆದುಕೊಳ್ಳಲು ಬಂದ ನಮ್ಮ ಮುಂದೆ ನಗುತ್ತಾರೆ. “ಮೊದ್ಲನೇ ಪುಸ್ತಕ ಮುಗಿಸೋದ್ರಾಗ ಮಳೆಗಾಲ ಮುಗೀತು. ನೊಗ, ಅಚ್ಚು, ಕಡಗೋಲು, ಇವೆಲ್ಲಾ ನಮ್ಮಜ್ಜನ ಊರಾಗ ಕಂಡಿದ್ವೆ. ಅವಕ್ಕ ಇಂಗ್ಲಿಷ್ ಹೆಸರೇನು ಅಂತ ಗೊತ್ತಿರ್ಲಿಲ್ಲ. ಇಲ್ಲಿ ಹುಡುಗ್ರು ನೋಡಿದ್ರ ಉಲ್ಟಾ. ಹೆಸರು ಓದ್ತಾವ, ವಸ್ತು ಕಂಡಿಲ್ಲ.”

ಊಟದ ಹಾಲ್‌ನಲ್ಲಿ ಅದೇ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತುಟಿ ಅಲ್ಲಾಡಿಸುತ್ತಿದ್ದ ಅವರ ಸುತ್ತ, ಚಿಪ್ಸ್ ತಿನ್ನುತ್ತಿದ್ದ ಮಕ್ಕಳು ಸೇರತೊಡಗಿದರು. ಕೊನೆಗೆ ಯಾರೋ ಒಬ್ಬ ಟೀಚರು ಅದನ್ನು ಗಮನಿಸಿ, ತಟ್ಟೆ ಕಾಯುವ ಕೆಲಸದಿಂದ ಪದ ಕಾಯುವ ಕೆಲಸಕ್ಕೆ ಬಡ್ತಿ ಕೊಡಿಸಿದರು.

ನೂರಕ್ಕನ ಪಾಠದ ಪದ್ಧತಿಗೆ ಪುಸ್ತಕದಲ್ಲಿ ಹೆಸರಿಲ್ಲ. ಬಂಡಿಯಲ್ಲಿ ಜಾಗ ಕಡಿಮೆ, ಅದೇ ಪದ್ಧತಿ. ಕಥೆಯಲ್ಲಿ ಹೊಸ ಪದ ಬಂದರೆ ಅದನ್ನು ಒಂದು ಚೀಟಿಯ ಮೇಲೆ ಬರೆದು ಕೈಯಲ್ಲಿ ಹಿಡಿದುಕೊಳ್ಳಬೇಕು. ಆದರೆ ಆ ಪದವನ್ನು ಮುಟ್ಟುವ ತನಕ, ಎತ್ತುವ ತನಕ, ಮೂಸುವ ತನಕ ಅಥವಾ ಅದಕ್ಕಾಗಿ ಯಾರೊಂದಿಗಾದರೂ ಜಗಳವಾಡುವ ತನಕ ಬಂಡಿಗೆ ಹತ್ತಿಸುವಂತಿಲ್ಲ. ಬೆಣ್ಣೆ ಕಡೆಯುವ ಪದ ಬಂದ ದಿನ ಜಾಡಿಯಲ್ಲಿ ಕೆನೆ ಹಾಕಿ ಎಂಟು ಮಕ್ಕಳೂ ಸರದಿಯಲ್ಲಿ ಕುಲುಕಬೇಕು. ತೋಳು ನೋಯಲೇಬೇಕು. ಬೆಣ್ಣೆ ಬಂದ ಮೇಲೆಯೇ ಪದ ಬಂಡಿಗೆ. ಪದ ನಿಲ್ಲುವುದಕ್ಕೆ ಅದಕ್ಕೊಂದು ಪಾದ ಬೇಕು ಅನ್ನುವುದು ನೂರಕ್ಕನ ಸಿದ್ಧಾಂತ.

ಕಥೆಯಲ್ಲಿ ಬೆಟ್ಟ ಬಂದಾಗ ನಿಜವಾದ ಪೀಕಲಾಟ. ಆ ಕಾಲದ ಬಂಡಿಗಳು ಬೆಟ್ಟ ಹತ್ತುವಾಗ ಎತ್ತು ಸೋಲುತ್ತಿದ್ದವು. ಜನ ಪೆಟ್ಟಾರಿ, ಕುರ್ಚಿ, ಕಬ್ಬಿಣದ ಒಲೆ ಎಲ್ಲವನ್ನೂ ದಾರಿಯ ಬದಿಗೆ ಇಳಿಸಿ ಮುಂದೆ ಹೋಗಬೇಕಾಗುತ್ತಿತ್ತು. ನೂರಕ್ಕನ ಬಂಡಿಯಲ್ಲೂ ಬೆಟ್ಟದ ದಿನ ಅರ್ಧ ಸಾಮಾನು ಇಳಿಯಬೇಕು. ಯಾವುದು ಇಳಿಯಬೇಕು, ಯಾಕೆ ಅಂತ ಮಕ್ಕಳೇ ವಾದ ಮಾಡಬೇಕು. ಅದೂ ಕಥೆಯಲ್ಲಿ ಕಲಿತ ಮಾತುಗಳಲ್ಲಿ.

ಇವತ್ತು ಬೆಳಗ್ಗೆ ಬಂಡಿ ಶಾಲೆಯ ಅಂಗಳಕ್ಕೆ ತಿರುಗುವ ಮೊದಲೇ, ಆ ‘ಕಿರ್ರ್’ ಸದ್ದಿಗೆ ಮಕ್ಕಳು ಮೂಲೆಯಿಂದ ಓಡಿ ಬಂದು ಹಿಂದಿನಿಂದ ತಳ್ಳತೊಡಗುತ್ತಾರೆ. ಒಂದಿಬ್ಬರು ಎತ್ತುಗಳೂ ಆಗುತ್ತಾರೆ. ಮೆಹ್ರೀನ್ ಎಂಬ ಎರಡು ಜಡೆಯ ಹುಡುಗಿ ಬಂಡಿಯ ಪಕ್ಕದಲ್ಲಿ ನಡೆಯುತ್ತಲೇ ಕೇಳುತ್ತಾಳೆ. ಅವಳು ಕೇಳುವುದು ಇಂಗ್ಲಿಷಿನಲ್ಲಿ, ನಾವು ಅದನ್ನು ಕನ್ನಡಕ್ಕೆ ಇಳಿಸಿಕೊಳ್ಳೋಣ. “ಮಿಸ್ ನೂರ್, ಪಯೊನಿಯರ್ ಅಂದ್ರೆ ಮೊದಲು ಬಂದವರು. ಆದ್ರೆ ಇವರು ಬಂದಾಗ ಇಲ್ಲಿ ಆಗಲೇ ಜನ ಇದ್ರಲ್ಲ. ಮತ್ತೆ ಇವರು ಹೇಗೆ ಮೊದಲು?”

ಬಂಡಿ ನಿಲ್ಲುತ್ತದೆ. ನೂರಕ್ಕ ಮಕ್ಕಳನ್ನೆಲ್ಲ ಬಂಡಿಯಿಂದ ಹಿಂದಕ್ಕೆ ಸರಿಸಿ ನೆಲದ ಮೇಲೆ ಕೂರಿಸುತ್ತಾರೆ. “ಈಗ ನೋಡ್ರಿ. ಇಲ್ಲಿಂದ ಬಂಡಿ ಹೆಂಗ ಕಾಣಸ್ತೈತಿ?”

“ದೊಡ್ಡದು,” ಅನ್ನುತ್ತದೆ ಒಂದು ದನಿ. “ನಮ್ಮ ಮೇಲೇ ಬರ್ತಾ ಇದೆ,” ಅನ್ನುತ್ತದೆ ಇನ್ನೊಂದು.

ಆಮೇಲೆ ನೂರಕ್ಕ ನಮಗೆ ಹೇಳುತ್ತಾರೆ. “ಈ ಕಥಿ ಎಲ್ಲಾ ಬಂಡ್ಯಾಗ ಕುಂತು ಬರ್ದಾರ್ರಿ. ಕೆಳಗ ನಿಂತವ್ರ ಕಣ್ಣಿಲೆ ಒಮ್ಮೆ ನೋಡದಿದ್ರ ಓದಿದಂಗ ಅಲ್ಲ. ಇಲ್ಲೇ ಈ ಕೊಲ್ಲಿ ದಂಡಿಗೆ ಒಹ್ಲೋನಿ ಅಂತ ಮೂಲನಿವಾಸಿ ಜನ ಇದ್ರು, ಈಗೂ ಅದಾರ. ಪ್ರತಿ ಕಥ್ಯಾಗೂ ನಾ ಕೇಳ್ತೀನಿ, ಗಾಲಿ ಯಾರ ನೆಲದ ಮ್ಯಾಲೆ ಉರುಳಾಕತ್ತೇತಿ?”

ಇಷ್ಟು ಚೆಂದದ ಬಂಡಿ ಸ್ಟೋರ್ ರೂಮಿನ ಬಾಗಿಲಿಗೆ ಹೋಗಿ ನಿಂತದ್ದು ಹೇಗೆ? ಅದಕ್ಕೆ ಕಾರಣ ಶತ್ರುಗಳಲ್ಲ, ಅಭಿಮಾನಿಗಳು. ಮುಖ್ಯವಾಗಿ ಅಡಿವೆಪ್ಪ.

ಅಡಿವೆಪ್ಪ ಗದಗಿನವರು. ಆಫೀಸಿನಲ್ಲಿ ಅವರ ಹೆಸರು ‘ಆಡಿ’, ಓಡಿಸುವುದು ಟೊಯೊಟಾ. ಅವರ ಮಗಳು ಸುಮನ್ ನೂರಕ್ಕನ ಎಂಟು ಮಕ್ಕಳಲ್ಲಿ ಒಬ್ಬಳು. ಸುಮನ್‌ಳ ತೊಂದರೆ ವಿಚಿತ್ರವಾದದ್ದು. ಅವಳು ಓದುತ್ತಿರಲಿಲ್ಲ, ಓಡುತ್ತಿದ್ದಳು. ಇಡೀ ಪುಟವನ್ನು ಒಂದೂ ತಪ್ಪಿಲ್ಲದೆ ಒಂದೇ ಉಸಿರಿಗೆ ಗಟ್ಟಿಯಾಗಿ ಓದಿ ಮುಗಿಸುವಳು. ಏನಾಯಿತು ಕಥೆಯಲ್ಲಿ ಅಂತ ಕೇಳಿದರೆ ಹೆಗಲು ಕುಣಿಸುವಳು. ಬಾಯಿ ಫ್ರೀವೇ ಮೇಲೆ, ಅರ್ಥ ಟ್ರಾಫಿಕ್ಕಿನಲ್ಲಿ.

ಶಾಲೆಯ ವರ್ಷ ಶುರುವಾದ ಹೊಸದರಲ್ಲಿ ಅಡಿವೆಪ್ಪನವರ ಕಣ್ಣು ಬಂಡಿಯ ಚೀಟಿಗಳ ಮೇಲೆ ಬಿತ್ತು. ಎಲ್ಲ ಚೀಟಿಗಳ ಫೋಟೊ ತೆಗೆದರು. ಸ್ಪ್ರೆಡ್‌ಶೀಟು ಮಾಡಿದರು. ಪದ, ಅರ್ಥ, ಸ್ಪೆಲ್ಲಿಂಗು, ಉದಾಹರಣೆ, ಬಣ್ಣ ಬಣ್ಣದ ಕಾಲಮ್ಮು. ‘ವ್ಯಾಗನ್ ವರ್ಡ್ಸ್, ಸೀರಿಯಸ್ ಪೇರೆಂಟ್ಸ್ ಓನ್ಲಿ’ ಎಂಬ ವಾಟ್ಸ್ಯಾಪ್ ಗುಂಪು ಹುಟ್ಟಿತು. ಬಂಡಿಗೆ ಮಕ್ಕಳು ಎಂಟೇ, ಗುಂಪಿಗೆ ಪಕ್ಕದ ಊರು ಡಬ್ಲಿನ್‌ನಿಂದಲೂ ಜನ ಸೇರಿದರು, ಅವರ ಮಕ್ಕಳು ಬೇರೆ ಶಾಲೆಯವರಾದರೂ. ಬೆಂಗಳೂರಿನ ಮೇಷ್ಟ್ರೊಬ್ಬರನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿ ದಿನಾ ಸಂಜೆ ಬಾಯಿಪಾಠ ಶುರುವಾಯಿತು. ಪದವನ್ನು ಕಂಡರೆ ಸ್ಪೆಲ್ಲಿಂಗ್ ಸ್ಪರ್ಧೆಯ ಕಪ್ಪೇ ಕಾಣುವ ಜನ ನಮ್ಮವರು. ಬೇರೆ ಯಾವ ದೇಶದವರೂ ಎತ್ತಿನ ಬಂಡಿಗೆ ಎಂಟ್ರೆನ್ಸ್ ಕೋಚಿಂಗ್ ಕೊಟ್ಟಿರಲಾರರು.

ಚಳಿಗಾಲ ಮುಗಿಯುವಷ್ಟರಲ್ಲಿ ಮಕ್ಕಳು ಬಂಡಿಗೆ ಬರುವ ಮೊದಲೇ ಎಲ್ಲ ಪದವನ್ನೂ ಅರೆದು ಕುಡಿದಿದ್ದರು. ಕೆನೆ ಕುಲುಕಿ ಅಂದರೆ, “ವಿ ನೋ ದಿಸ್ ಒನ್,” ಅಂತ ಕೈಕಟ್ಟಿ ಕೂತರು. ಫೆಬ್ರವರಿಯ ಪರೀಕ್ಷೆಯಲ್ಲಿ ಕಥೆಯ ಒಂದು ಭಾಗ ಕೊಟ್ಟಿದ್ದರು. ಬೆಟ್ಟದ ಬುಡದಲ್ಲಿ ಅಜ್ಜಿಯ ತೂಗುಕುರ್ಚಿಯನ್ನು ಬಂಡಿಯಿಂದ ಇಳಿಸಿ ಬಿಟ್ಟುಹೋಗುತ್ತಾರೆ. ಅಜ್ಜಿ ಆ ಇಡೀ ಸಂಜೆ ಯಾಕೆ ಮಾತಾಡಲಿಲ್ಲ ಎಂಬುದು ಪ್ರಶ್ನೆ. ಸುಮನ್ ಬರೆದ ಉತ್ತರ ಹೀಗಿತ್ತು. ‘ತೂಗುಕುರ್ಚಿ ಎಂದರೆ ಬಾಗಿದ ಎರಡು ಪಟ್ಟಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಆಡುವ ಆಸನ.’

ಎಂಟರಲ್ಲಿ ಆರು ಮಕ್ಕಳು ಹಿಂದಿಗಿಂತ ಕೆಳಗಿಳಿದಿದ್ದರು. ಅರ್ಥ ಬಾಯಿಗೆ ಬಂದು, ಓದು ವ್ಯರ್ಥವಾಗಿತ್ತು.

ಪ್ರಿನ್ಸಿಪಾಲ್ ಕೆಟ್ಟವರಲ್ಲ. ಒಂದು ಬಂಡಿಗಿಂತ ಮೂವತ್ತು ಟ್ಯಾಬ್ಲೆಟ್ಟು ಸಂಭಾಳಿಸುವುದು ಅವರಿಗೆ ಸುಲಭ, ಅಷ್ಟೇ. ನೂರಕ್ಕನನ್ನು ಕೂರಿಸಿ ಮೆತ್ತಗೆ ಹೇಳಿದರು: ಮೇ ತಿಂಗಳ ತನಕ ನೋಡೋಣ, ಆಗಲೂ ಹೀಗೇ ಇದ್ದರೆ ಈ ಕೋಣೆಗೆ ಓದು ಕಲಿಸುವ ಆ್ಯಪ್ ತರುತ್ತೇವೆ. ನೂರಕ್ಕನಿಗೆ ಊಟದ ಹಾಲ್‌ನ ಕೆಲಸ ಇದ್ದೇ ಇರುತ್ತದೆ.

“ಅವತ್ತ ಮನಿಗೆ ಹೊಂಟಾಗ ಬಂಡಿ ಭಾಳ ಜಡ ಅನ್ನಿಸ್ತ್ರಿ,” ಅನ್ನುತ್ತಾರೆ ನೂರಕ್ಕ. “ಕೆಲಸ ಹೋದ್ರ ಹೋಗ್ಲಿ, ತಟ್ಟಿ ಕಾಯೋದು ನನಗ ಹೊಸಾದಲ್ಲ. ಆದ್ರ ಸುಮನ್‌ಗ ಹೆಡ್‌ಫೋನ್ ಹಾಕಿದ್ರ ಆಕಿ ಇನ್ನೂ ಜೋರಾಗಿ ಓಡ್ತಾಳ. ಆಕಿನ್ನ ನಿಂದ್ರಸವ್ರು ಯಾರು?”

ಮರುದಿನವೇ ಅವರು ಚೀಟಿ ಬರೆಯುವುದನ್ನು ನಿಲ್ಲಿಸಿದರು. ಬದಲಿಗೆ ಪ್ರತಿ ಮಗುವಿನ ಕೈಗೆ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಕೊಟ್ಟು ಮನೆಗೆ ಕಳಿಸಿದರು. ಇಡೀ ಕುಟುಂಬ ಸೇರಿ ಐದು ತಿಂಗಳ ಬಂಡಿ ಪ್ರಯಾಣಕ್ಕೆ ಬೇಕಾದ್ದನ್ನು ಅದರಲ್ಲಿ ತುಂಬಬೇಕು. ಶುಕ್ರವಾರ ಸಂಜೆ ಪೆಟ್ಟಿಗೆಯೊಂದಿಗೆ ಮನೆಮಂದಿ ಶಾಲೆಗೆ ಬರಬೇಕು.

ಅಡಿವೆಪ್ಪ ಗೇಟಿನಲ್ಲೇ ಅಡ್ಡಗಟ್ಟಿದರು. “ನೂರಕ್ಕಾರ, ಈ ವಾರದ ವರ್ಡ್ ಲಿಸ್ಟ್ ಬಂದಿಲ್ಲಲ್ರೀ.”

“ಪಟ್ಟಿ ಇಲ್ಲ. ಪೆಟ್ಟಿಗಿ ಐತಿ.”

“ಪೆಟ್ಟಿಗಿಗೆ ಸಿಲಬಸ್ ಏನ್ರಿ? ಯಾವ ವರ್ಡ್ ಕವರ್ ಆಗ್ತಾವು?”

“ಅದು ನೀವು ಏನು ತುಂಬತೀರಿ, ಅದರ ಮ್ಯಾಲೆ.”

ಸಿಲಬಸ್ ಇಲ್ಲ ಅಂದಮೇಲೆ ಬೇ ಏರಿಯಾದ ಕನ್ನಡಿಗ ಏನು ಮಾಡುತ್ತಾನೆ? ತೂಕದ ಮಿಷನ್ನು ತೆಗೆಯುತ್ತಾನೆ. ಊರಿಗೆ ಹೋಗುವಾಗ ಸೂಟ್‌ಕೇಸು ತೂಗುವ ಆ ಕೊಕ್ಕೆಯ ಮಿಷನ್ನು ಪ್ರತಿ ಮನೆಯಲ್ಲೂ ಇದೆ. ಅಡಿವೆಪ್ಪನವರ ಮನೆಯಲ್ಲಿ ಆಗ ಅವರ ತಾಯಿ ಈರವ್ವನೂ ಇದ್ದರು. ಗದಗಿನಿಂದ ಆರು ತಿಂಗಳಿಗೆಂದು ಬಂದವರು. ಖಡಕ್ ರೊಟ್ಟಿ ತುಂಬಿದರು, ಶೇಂಗಾ ಚಟ್ನಿ ತುಂಬಿದರು, ಗುರೆಳ್ಳು ಚಟ್ನಿ ತುಂಬಿದರು. ಅಡಿವೆಪ್ಪ ನಡುವೆ ಪ್ರೆಷರ್ ಕುಕ್ಕರ್ ತೂರಿಸಿದರು. ಅದಿಲ್ಲದೆ ಅವರ ಮನೆತನ ಯಾವ ಖಂಡವನ್ನೂ ದಾಟಿದ್ದಿಲ್ಲ.

ಆ ಶುಕ್ರವಾರದ ಸಂಜೆಯನ್ನು ಶಾಲೆಯಲ್ಲಿ ಈಗಲೂ ನೆನೆಯುತ್ತಾರೆ. ಒಂದು ಪೆಟ್ಟಿಗೆಯಲ್ಲಿ ವಿಯೆಟ್ನಾಮಿನ ಮೀನಿನ ಸಾರಿನ ಬಾಟಲಿ, ಇನ್ನೊಂದರಲ್ಲಿ ಮೆಕ್ಸಿಕೊದ ರೊಟ್ಟಿ ಒತ್ತುವ ಮಣೆ, ಮೆಹ್ರೀನ್‌ಳ ಪೆಟ್ಟಿಗೆಯಲ್ಲಿ ಮೈಸೂರಿನ ಅಜ್ಜನ ರೇಡಿಯೊ. ಬಂಡಿಯವರು ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುತ್ತಿದ್ದ ಗಟ್ಟಿ ಬಿಸ್ಕತ್ತಿನ ಬಗ್ಗೆ ಮಕ್ಕಳು ಕಥೆಯಲ್ಲಿ ಓದಿದ್ದರು, ‘ಹಾರ್ಡ್‌ಟ್ಯಾಕ್’ ಅಂತ. ಈರವ್ವ ಖಡಕ್ ರೊಟ್ಟಿ ಮುರಿದು ಹಂಚಿದ್ದೇ ತಡ, ಎಂಟೂ ಮಕ್ಕಳ ಬಾಯಲ್ಲಿ ಆ ಪದ ಕಟಕಟ ಅಂದಿತು.

“ಈಗ ಬೆಟ್ಟ ಬಂತು,” ಅಂದರು ನೂರಕ್ಕ. “ಅರ್ಧ ಇಳಸ್ರಿ. ಹುಡುಗ್ರು ಹೇಳಿದಂಗ ದೊಡ್ಡವ್ರು ಕೇಳ್ಬೇಕು.”

ಸುಮನ್ ನೇರವಾಗಿ ಕುಕ್ಕರಿಗೆ ಕೈ ಹಾಕಿದಳು. “ಟೂ ಹೆವಿ, ಅಪ್ಪಾ. ಆಕ್ಸೆನ್ ಪಾಪ.”

“ಏ, ಕುಕ್ಕರ್ ಬಿಟ್ಟು ಏನಾದ್ರೂ ತಗಿ. ನಾ ಇಂಡಿಯಾದಿಂದ ಬರೋವಾಗ ತಂದದ್ದು ಅದು. ಏರ್‌ಪೋರ್ಟಿನ್ಯಾಗ ಓವರ್‌ವೇಟ್ ಆಗಿತ್ತು, ಬ್ಯಾರೆ ಎಲ್ಲಾ ತಗದೆ, ಇದನ್ನ ಬಿಡ್ಲಿಲ್ಲ.”

“ಬೇರೆ ಅಂದ್ರೆ ವಾಟ್? ಏನ್ ತಗ್ದೆ?” ಅಂದಳು ಸುಮನ್.

ಉತ್ತರ ಬಂದದ್ದು ಹಿಂದೆ ಕುರ್ಚಿಯಲ್ಲಿ ಕೂತಿದ್ದ ಈರವ್ವನಿಂದ.

“ಕೌದಿ ತಗದ. ನಾ ಹೊಲದ್ದು. ನನ್ನ ಸೀರಿ, ಅವರಪ್ಪನ ಧೋತರ, ಇವನ ಸಾಲಿ ಅಂಗಿ, ಎಲ್ಲಾ ತುಂಡು ಕೂಡ್ಸಿ ಒಂದು ವರ್ಷ ಹೊಲದಿದ್ದೆ. ಅದನ್ನ ತಗದು ನನ್ನ ಕೈಯಾಗ ಕೊಟ್ಟು ಕುಕ್ಕರ್ ಒಳಗ ಹಾಕ್ಕೊಂಡ. ರಾತ್ರಿ ಥಂಡಿ ಆದ್ರ ಕುಕ್ಕರ್ ಹೊದ್ಕೊಂಡ ಮಲಗತಿದ್ದನೇನೋ.”

ಎಲ್ಲರೂ ನಕ್ಕರು. ಅಡಿವೆಪ್ಪ ಅರ್ಧ ನಕ್ಕು ನಿಂತರು. ಸುಮನ್ ಮಾತ್ರ ನಗಲಿಲ್ಲ. ಅಜ್ಜಿಯ ಹತ್ತಿರ ಹೋಗಿ ಕೇಳಿದಳು. “ಆಮೇಲೆ ನೀನು ವಾಪಸ್ ಊರಿಗೆ ಹೋದಾಗ, ಬಸ್‌ನಲ್ಲಿ, ಮಾತಾಡಿದ್ಯಾ?”

“ಯಾರ ಜೋಡಿ ಮಾತಾಡ್ಲಿ? ಕೌದಿ ತೊಡಿ ಮ್ಯಾಲೆ ಇಟ್ಕೊಂಡು ಸುಮ್ನ ಕುಂತಿದ್ದೆ.”

ಸುಮನ್ ಸ್ವಲ್ಪ ಹೊತ್ತು ನಿಂತಳು. ಬದುಕಿನಲ್ಲಿ ಮೊದಲ ಸಲ ಅವಳು ಓಡದೆ ನಿಂತದ್ದು ಅಲ್ಲಿ ಅಂತ ನೂರಕ್ಕ ಹೇಳುತ್ತಾರೆ. ಆಮೇಲೆ ಕನ್ನಡ, ಇಂಗ್ಲಿಷು ಎರಡನ್ನೂ ಕಲಸಿ ಅಂದಳು. “ಮಿಸ್ ನೂರ್, ಆ ಕಥೆ ಅಜ್ಜಿ ಕೂಡ ಹಾಗೇ. ಲೀವ್ ಅಂದ್ರೆ ಬಿಟ್ಟು ಹೋಗೋದು. ಅಬ್ಯಾಂಡನ್ ಅಂದ್ರೆ ಬಿಟ್ಟು ಹೋಗಿ, ಹಿಂದೆ ತಿರುಗಿ ನೋಡ್ತಾನೇ ಇರೋದು.”

ಯಾವ ಸ್ಪ್ರೆಡ್‌ಶೀಟಿನ ಯಾವ ಕಾಲಮ್ಮಿನಲ್ಲೂ ಆ ಅರ್ಥ ಇರಲಿಲ್ಲ. ಕುಕ್ಕರ್ ಬೆಟ್ಟದ ಬುಡದಲ್ಲಿ ಇಳಿಯಿತು. ಇಳಿಸಿದವರು ಸ್ವತಃ ಅಡಿವೆಪ್ಪ.

ವಾಟ್ಸ್ಯಾಪ್ ಗುಂಪು ಅವತ್ತೇ ಮುಚ್ಚಲಿಲ್ಲ. ಅಂಥ ಪವಾಡ ನಡೆಯುವ ಸೀಮೆ ಇದಲ್ಲ. ಆದರೆ ಬಾಯಿಪಾಠದ ಮೇಷ್ಟ್ರಿಗೆ ಬೆಳಗಿನ ನಿದ್ದೆ ಮರಳಿ ಸಿಕ್ಕಿತು, ಗುಂಪಿನ ಹೆಸರು ‘ನೀವೇನು ಬಿಟ್ಟು ಬಂದಿರಿ?’ ಎಂದಾಯಿತು. ಅಪ್ಪ ಅಮ್ಮಂದಿರು ಏರ್‌ಪೋರ್ಟಿನ ಕೌಂಟರಿನಲ್ಲಿ ತೆಗೆದಿಟ್ಟದ್ದನ್ನೆಲ್ಲ ಬರೆಯತೊಡಗಿದರು. ಮಕ್ಕಳು ಅದನ್ನು ಕೇಳಿಸಿಕೊಂಡು ಬಂದು ಬಂಡಿಯ ಸುತ್ತ ಕೂತು ಹೇಳತೊಡಗಿದರು. ಹೇಳುವುದಕ್ಕೆ ಪದ ಬೇಕಾಯಿತು. ಪದ ಹುಡುಕಲು ಪುಸ್ತಕ ಬೇಕಾಯಿತು. ಮೂರು ತಿಂಗಳು ಅದೇ ಪಾಠ.

ಇವತ್ತು ಮಧ್ಯಾಹ್ನ ಆ ಪೊರಕೆ ಕೋಣೆಯಲ್ಲಿ ಎಂಟು ಮಕ್ಕಳು, ಬಾಗಿಲ ಹೊರಗೆ ಕೆಲವು ಪೋಷಕರು. ಅಡಿವೆಪ್ಪ ಮೀಟಿಂಗು ಬಿಟ್ಟು ಬಂದಿದ್ದಾರೆ. ಒಂದು ಕಿವಿಯಲ್ಲಿ ಇಯರ್‌ಫೋನು ಇರುವುದರಿಂದ ಮೀಟಿಂಗನ್ನು ಪೂರ್ತಿ ಬಿಟ್ಟಿಲ್ಲ. ಈರವ್ವ ಬಂಡಿಯ ಪಕ್ಕದಲ್ಲಿ ಪುಟ್ಟ ಕುರ್ಚಿಯಲ್ಲಿ ಕಷ್ಟಪಟ್ಟು ಹಿಡಿಸಿಕೊಂಡು ಕೂತಿದ್ದಾರೆ. ನೂರಕ್ಕ ಕಂದೀಲಿನ ಗಾಜನ್ನು ಒರೆಸುತ್ತಲೇ ಇದ್ದಾರೆ. ಅದು ಆಗಲೇ ಹೊಳೆಯುತ್ತಿದೆ.

ಪ್ರಿನ್ಸಿಪಾಲ್ ಒಳಗೆ ಬರುತ್ತಾರೆ. ಮುಖದಲ್ಲಿ ಏನೂ ಗೊತ್ತಾಗುವುದಿಲ್ಲ. ಅವರು ಮೊದಲು ನೋಡುವುದು ಬಂಡಿಯನ್ನು.

“ಮಿಸ್ ನೂರ್, ನನ್ನದೊಂದು ಅನುಮಾನ ಇತ್ತು. ಈ ಮಕ್ಕಳಿಗೆ ಬಂಡಿಯ ಪದ ಬರಬಹುದು, ಬಂಡಿಯಿಂದ ಆಚೆಯ ಪದ ಬರುತ್ತದೆಯೇ ಅಂತ. ಅದಕ್ಕೆ ಈ ಸಲದ ಪರೀಕ್ಷೆಯಲ್ಲಿ ಬಂಡಿಯೇ ಇರಲಿಲ್ಲ.”

ನೂರಕ್ಕನ ಕೈ ಕಂದೀಲಿನ ಮೇಲೆ ನಿಲ್ಲುತ್ತದೆ.

ಪರೀಕ್ಷೆಯಲ್ಲಿ ಬಂದದ್ದು ದೀಪಸ್ತಂಭ ಕಾಯುವವನೊಬ್ಬನ ಕಥೆ. ದೀಪ ತಾನಾಗಿಯೇ ಉರಿಯುವ ಯಂತ್ರ ಬಂದ ಮೇಲೆ ಅವನು ಕೀಲಿಕೈಯನ್ನು ಸರ್ಕಾರಕ್ಕೆ ಒಪ್ಪಿಸಿ ಹೋಗುತ್ತಾನೆ. ‘ರಿಲಿಂಕ್ವಿಶ್’ ಎಂಬ ಪದ ಬಂದಿತ್ತು. ಎಂಟರಲ್ಲಿ ಒಬ್ಬರೂ ಅದನ್ನು ಹಿಂದೆ ಕಂಡಿರಲಿಲ್ಲ. ಆ ಪದದ ಅರ್ಥವೇನು, ಹೇಗೆ ಗೊತ್ತಾಯಿತು ಅಂತ ಬರೆಯಬೇಕಿತ್ತು. ತನ್ನ ಉತ್ತರವನ್ನು ತಾನೇ ಓದಲು ಸುಮನ್ ಎದ್ದು ನಿಲ್ಲುತ್ತಾಳೆ. ನಿಧಾನವಾಗಿ ಓದುತ್ತಾಳೆ, ಪೂರ್ಣವಿರಾಮ ಬಂದಲ್ಲಿ ನಿಲ್ಲುತ್ತ.

‘ನನಗೆ ಈ ಪದ ಗೊತ್ತಿರಲಿಲ್ಲ. ಆದರೆ ಅವನು ಕೀಲಿಕೈ ಕೊಡುವ ಮೊದಲು ಅದನ್ನು ಅಂಗಿಯಿಂದ ಒರೆಸಿದ. ಬೇಡದ ವಸ್ತುವನ್ನು ಯಾರೂ ಒರೆಸಿ ಕೊಡುವುದಿಲ್ಲ. ಹಾಗಾಗಿ ಈ ಪದದ ಅರ್ಥ, ಇನ್ನೂ ಬೇಕಾಗಿರುವುದನ್ನು ಕೈಬಿಡುವುದು. ನನ್ನ ಅಜ್ಜಿಗೆ ಇದು ಗೊತ್ತು.’

ಅಡಿವೆಪ್ಪ ಕಿವಿಯಿಂದ ಇಯರ್‌ಫೋನು ಕಿತ್ತು ಜೇಬಿಗೆ ಹಾಕುತ್ತಾರೆ.

“ಏನಂದ್ಳು?” ಅಂತ ಈರವ್ವ ಕೇಳುತ್ತಾರೆ. ಮಗ ಬಗ್ಗಿ ತಾಯಿಯ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾರೆ. ಈರವ್ವ ಕೇಳಿಸಿಕೊಂಡು ಮೊಮ್ಮಗಳ ಕಡೆ ನೋಡಿ, “ಹೌದು ಬಿಡು, ಖರೇ ಬರ್ದಾಳ,” ಅಂತ ಪರೀಕ್ಷಕರ ಮೇಲೊಬ್ಬ ಪರೀಕ್ಷಕರಂತೆ ಅಂಕ ಹಾಕುತ್ತಾರೆ.

ಎಂಟು ಮಕ್ಕಳಲ್ಲಿ ಎಂಟೂ ಮಂದಿ ಮೇಲೇರಿದ್ದಾರೆ. ಐವರು ತಮ್ಮ ತರಗತಿಯ ಮಟ್ಟವನ್ನೇ ದಾಟಿದ್ದಾರೆ. ನೂರಕ್ಕೆ ನೂರು ಯಾರಿಗೂ ಬಂದಿಲ್ಲ, ನೂರಕ್ಕನಿಗೆ ಮಾತ್ರ ಬಂದಿದೆ. ಟ್ಯಾಬ್ಲೆಟ್ಟುಗಳು ಬೇರೆ ಕೋಣೆಗೆ ಹೋಗುತ್ತವೆ ಅಂತ ಪ್ರಿನ್ಸಿಪಾಲ್ ಹೇಳುತ್ತಾರೆ. ಬಂಡಿ ಇಲ್ಲೇ ಇರುತ್ತದೆ. ಐದನೇ ತರಗತಿಗೂ ಒಂದು ಬಂಡಿ ಬೇಕು, ಜೊತೆಗೆ ಪೊರಕೆ ಕೋಣೆಯ ಬದಲು ಕಿಟಕಿ ಇರುವ ಕೋಣೆ. ಮಕ್ಕಳ ಕೂಗಿಗೆ ಕಮಾನಿನ ಬೆಡ್‌ಶೀಟು ಅಲ್ಲಾಡುತ್ತದೆ. ಈರವ್ವ ಚೀಲದಿಂದ ಖಡಕ್ ರೊಟ್ಟಿಯ ಕಟ್ಟು ಬಿಚ್ಚುತ್ತಾರೆ. ಗೆದ್ದರೆ ಹಂಚಲು, ಸೋತರೆ ಸಮಾಧಾನಕ್ಕೆ ಅಂತ ಮೊದಲೇ ತಂದಿದ್ದರಂತೆ.

ಗೆಲುವಿನ ಗದ್ದಲದ ನಡುವೆ ಅಡಿವೆಪ್ಪ ಬಂಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಅವರ ಕಣ್ಣಲ್ಲಿ ಆ ಹಳೆಯ ಹೊಳಪು. “ನೂರಕ್ಕಾರ, ಇದನ್ನ ಸ್ಕೇಲ್ ಮಾಡಬೋದ್ರಿ. ಒಂದು ಆ್ಯಪ್ ಮಾಡೋಣು. ಇನ್ವೆಸ್ಟರ್ಸ್ ನನಗ ಪರಿಚಯ ಅದಾರ.”

“ಆ್ಯಪ್‌ನ್ಯಾಗ ಬೆಣ್ಣಿ ಬರತೈತೇನ್ರಿ?”

ಅಡಿವೆಪ್ಪ ಯೋಚಿಸುತ್ತಾರೆ. “ಇಲ್ರಿ.”

“ಮತ್ತ ಇಲ್ಲೇ ಬರ್ರಿ. ಐದನೇ ಕ್ಲಾಸಿನ ಬಂಡಿಗೆ ಕಮಾನು ಕಟ್ಟಬೇಕು. ಗಟ್ಟಿ ಕೈ ಬೇಕಾಗೇತಿ.”

ಬಂಡವಾಳದ ಮಾತು ಅಲ್ಲಿಗೆ ಮುಗಿಯುತ್ತದೆ, ಬಂಡಿಯ ಮಾತು ಶುರುವಾಗುತ್ತದೆ. ಟೊಯೊಟಾದ ಒಡೆಯ ‘ಆಡಿ’ ಶನಿವಾರ ಬರಲು ಒಪ್ಪಿಕೊಳ್ಳುತ್ತಾರೆ.

ಸಂಜೆ ಅದೇ ಫುಟ್‌ಪಾತು, ಅದೇ ಫ್ರೀವೇ ದೀಪಗಳು, ಈಗ ಮನೆಯ ದಿಕ್ಕಿಗೆ. ಬಂಡಿ ಕಿರುಗುಟ್ಟುತ್ತ ಅಪಾರ್ಟ್‌ಮೆಂಟಿನ ಗೇಟಿಗೆ ಬರುತ್ತದೆ. ತಾಜುದ್ದೀನ್ ಕೆಳಗೇ ನಿಂತಿದ್ದಾರೆ, ಎಣ್ಣೆ ಡಬ್ಬಿ ಹಿಡಿದು. ಹೆಂಡತಿಯ ಮುಖ ನೋಡಿದ ಮೇಲೆ ಏನಾಯಿತು ಅಂತ ಕೇಳುವುದಿಲ್ಲ.

“ಹಂಗಾರ ಕುಲುಪು ಬ್ಯಾಡ. ಎಣ್ಣಿನ ಬೇಕಾತು,” ಅಂತ ಮೊಣಕಾಲೂರಿ ಕೂರುತ್ತಾರೆ.

ಇಷ್ಟೆಲ್ಲ ಆದಮೇಲೆ ಇನ್ನೇನು ಆಸೆ ಅಂತ ನಾವು ಕೇಳಿದ್ದಕ್ಕೆ ನೂರಕ್ಕ ಹೊದಿಕೆಯ ಮಡಿಕೆಯನ್ನು ಸರಿಮಾಡುತ್ತಾರೆ. ಆಮೇಲೆ ಉತ್ತರವನ್ನು ನಮಗಲ್ಲ, ಗಂಡನಿಗೆ ಕೊಡುತ್ತಾರೆ.

“ಮೂರು ಗಾಲಿಗೆ ಹಾಕ್ರಿ. ಬಲಗಡಿ ಮುಂದಿನದನ್ನ ಮುಟ್ಟಬ್ಯಾಡ್ರಿ. ಹುಡುಗ್ರಿಗೆ ನಾ ಬಂದೀನಿ ಅಂತ ಹೇಳೋದ ಅದು.”